ನಿಂತಲ್ಲಿ ನಡುಗುವ ಕಾರಿನ ಪರವಾಗಿ

ತಳೇಗಾಂವ ದಾಭಾಡೆ
ಗುರುವಾರ, ೧೨ ಡಿಸೆಂಬರ್ ೨೦೨೪

ಚಿ. ಸೌ. ಹರ್ಷಿತಾಳಿಗೆ ನಿನ್ನ ಮಾವ ನಿಜಲಿಂಗಪ್ಪನ ಆಶೀರ್ವಾದಗಳು.

ಹೆಸರಿನ ಮೊದಲು ಬರೆಯುವ ಆ ‘ಸೌ.’ ಅನ್ನು ಇನ್ನು ಬಿಡಬೇಕೆಂದು ನೆಂಟರೊಬ್ಬರು ನನಗೆ ತಿಳಿಹೇಳಿದ್ದರು. ಬಿಡುವುದಿಲ್ಲ. ನಾವು ಸಿದ್ದಾರೂಢನನ್ನು ಕಳೆದುಕೊಂಡು ಎರಡು ವರ್ಷವಾದರೂ ನೀನು ಈ ಮನೆಯ ಸೊಸೆಯೇ. ಈ ವಿಷಯದಲ್ಲಿ ಯಾರೊಡನೆ ಬೇಕಾದರೂ ವಾದಿಸಲು ನಾನು ಸಿದ್ಧ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಾಗಿತ್ತು. ಆದರೆ ನಾನು ಪೀಠಿಕೆ ಮುಗಿಸುವಷ್ಟರಲ್ಲಿ ನಿನಗೊಂದು ಮೀಟಿಂಗ್ ಬರುತ್ತದೆ. ಇದು ಪೀಠಿಕೆಯಿಂದ ನಿರ್ಣಯದವರೆಗೆ ಕೂತು ಕೇಳಬೇಕಾದ ವಿಷಯ. ನಿರ್ಣಯವನ್ನು ಮೊದಲೇ ಬಿಟ್ಟುಕೊಡುವುದು ಚರ್ಚಾಪಟುವಿಗೆ ಶೋಭಿಸದು. ಆದರೂ ಇಂದು ನನ್ನಿಂದ ತಡೆಯಲಾಗುತ್ತಿಲ್ಲ. ಕಾರು ಸರಿಯಾಯಿತು, ಹರ್ಷಿತಾ. ಕಾರಣ ಸಿಕ್ಕಿತು. ಅರವತ್ತೇಳರ ವಯಸ್ಸಿನಲ್ಲಿ ನಾನು ಅಂಗಳದಲ್ಲಿ ಚಪ್ಪಾಳೆ ತಟ್ಟಿದೆನೆಂದು ನಿನ್ನ ಅತ್ತೆ ಊರಿಗೆಲ್ಲ ಹೇಳುತ್ತಿದ್ದಾಳೆ, ಅದು ಸುಳ್ಳಲ್ಲ.

ನೀನು ವಿಧಿಸಿದ ಷರತ್ತು ನನಗೆ ನೆನಪಿದೆ. ದೀಪಾವಳಿ ರಜೆ ಮುಗಿದ ಭಾನುವಾರ ಚಿನ್ನುವಿಗೆ ಬೂಟು ಕೊಡಿಸಲು ನಾವು ಮೂವರೂ ಹೊರಟಿದ್ದೆವು. ವಾಕಡ ಚೌಕದ ಸಿಗ್ನಲ್‌ನಲ್ಲಿ ಕಾರು ನಿಂತೇಬಿಟ್ಟಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಇಡೀ ಹಿಂಜವಡಿ, ಎಲ್ಲರ ಹಾರ್ನೂ ನಮ್ಮ ಬೆನ್ನಿಗೆ. ಚಿನ್ನು ಎರಡೂ ಕಿವಿ ಮುಚ್ಚಿಕೊಂಡು ಸೀಟಿನ ಕೆಳಗೆ ಇಳಿದಿದ್ದಳು. ಅಂದಿನ ನಿನ್ನ ಮಾತುಗಳಲ್ಲಿ ಕೊನೆಯ ಎರಡು ನನ್ನ ಕಿವಿಯಲ್ಲಿ ಉಳಿದವು: “ಪ್ಲೀಸ್ ಮಾವ, ಇದನ್ನ ಸ್ಕ್ರ್ಯಾಪ್‌ಗೆ ಕೊಟ್ಬಿಡೋಣ. ಇದು ಪೂರ್ತಿ ಸರಿಹೋಗೋವರೆಗೂ ಚಿನ್ನುನ ಇದ್ರಲ್ಲಿ ತಳೇಗಾಂವ್‌ಗೆ ಕಳ್ಸಲ್ಲ.” ಕಾರು ನಿನ್ನ ಹೆಸರಿನಲ್ಲಿದೆ, ಮಗಳೂ ನಿನ್ನವಳು. ವರ್ಷ ಮುಗಿಯುವವರೆಗೆ ನಾನು ಅವಕಾಶ ಕೇಳಿದೆ, ನೀನು ಕೊಟ್ಟೆ.

ಅಂದಿನಿಂದ ಚಿನ್ನು ಇಲ್ಲಿಗೆ ಬರುವ ನಮ್ಮ ಭಾನುವಾರಗಳು ನಿಂತಿವೆ. ನೀವೇ ಲೋಕಲ್ ರೈಲಿನಲ್ಲಿ ಬನ್ನಿ ಎಂದು ನೀನು ಹೇಳಿದೆ. ಬಂದೆವು. ಆಕುರ್ಡಿ ನಿಲ್ದಾಣದ ಮೆಟ್ಟಿಲುಗಳ ಮೇಲೆ ನಿನ್ನ ಅತ್ತೆಯ ಮಂಡಿ ಮುಷ್ಕರ ಹೂಡಿತು. ಮಗುವೊಂದನ್ನೇ ಬಾಡಿಗೆ ಕಾರಿನಲ್ಲಿ ಕಳಿಸಲು ನಿನಗೂ ಮನಸ್ಸಿಲ್ಲ, ನನಗೂ ಇಲ್ಲ. ಇಲ್ಲಿ ಚಿನ್ನುವಿನ ಕನ್ನಡ ಅರ್ಧಕ್ಕೆ ನಿಂತಿದೆ. ಒತ್ತಕ್ಷರಗಳಲ್ಲಿ ಅಕ್ಕ, ಅಪ್ಪ, ಅಜ್ಜ ಮುಗಿಸಿದ್ದಳು. ಪುಸ್ತಕ, ಚಕ್ರ ಇನ್ನೂ ಶುರುವಾಗಬೇಕು. ಭಾನುವಾರ ಬಂತೆಂದರೆ ನಿನ್ನ ಅತ್ತೆ ಅವಳ ಸ್ಟೂಲನ್ನು ಒರೆಸಿ ಇಡುತ್ತಾಳೆ, ಸಂಜೆಗೆ ಅದೇ ಸ್ಟೂಲಿನ ಮೇಲೆ ನಿಂತು ದೀಪದ ಎಣ್ಣೆಯ ಬಾಟಲಿ ತೆಗೆಯುತ್ತಾಳೆ. ಆದ್ದರಿಂದ ಈ ಕಾರಿನ ವಿಚಾರದಲ್ಲಿ ನಾನು ಸೋಲುವಂತಿರಲಿಲ್ಲ.

ಲಕ್ಷಣಗಳನ್ನು ಮೊದಲು ಮಂಡಿಸುತ್ತೇನೆ. ಓಡುವಾಗ ಕಾರಿಗೆ ಯಾವ ತೊಂದರೆಯೂ ಇರಲಿಲ್ಲ. ಹೆದ್ದಾರಿಯಲ್ಲಿ ತನ್ನ ವಯಸ್ಸನ್ನು ಮರೆತು ಓಡುತ್ತಿತ್ತು. ನಿಂತಾಗ ಮಾತ್ರ ನಡುಕ. ಸ್ಟೀರಿಂಗ್ ಮೇಲಿನ ಕೈ, ಕನ್ನಡಿಯಲ್ಲಿ ಕಾಣುವ ರಸ್ತೆ, ಚಿನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದ ಪ್ಲಾಸ್ಟಿಕ್ ಬಾತುಕೋಳಿ, ಎಲ್ಲವೂ ನಡುಗುತ್ತಿದ್ದವು. ನಾಲ್ವರು ಹೊತ್ತ ಪಾಲಖಿಯಲ್ಲಿ ಒಬ್ಬ ಮಾತ್ರ ಆಗಾಗ ಹೆಗಲು ತಪ್ಪಿಸಿದರೆ ಹೇಗೋ ಹಾಗೆ, ನಾಲ್ಕು ಸಿಲಿಂಡರುಗಳಲ್ಲಿ ಒಂದು ತನ್ನ ಸರದಿ ತಪ್ಪಿಸುತ್ತಿತ್ತು. ಗ್ಯಾರೇಜಿನವರು ಇದಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ.

ಈ ಪತ್ರವನ್ನು ನಿನ್ನ ಕೈಗಿತ್ತ ಜೋರು ದನಿಯ ಮನುಷ್ಯನೇ ಅಂಬಾದಾಸ. ಅಕ್ಕಲಕೋಟೆಯ ಕಡೆಯವನು, ಇಲ್ಲಿ ಸ್ಟೇಷನ್ ಬಳಿ ವಾಹನಗಳ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಕನ್ನಡದಲ್ಲಿ ಹಿಡಿದ ವಾಕ್ಯವನ್ನು ಮರಾಠಿಯಲ್ಲಿ ಬಿಡುತ್ತಾನೆ, ಎರಡರಲ್ಲೂ ಸೋಲೊಪ್ಪುವುದಿಲ್ಲ. ಕಾಲೇಜು ಬಿಟ್ಟ ಮೇಲೆ ನನಗೆ ಸರಿಸಮನಾದ ಎದುರಾಳಿ ಸಿಕ್ಕಿದ್ದು ಈಗಲೇ. ಬಾನೆಟ್ ಎತ್ತುತ್ತಲೇ ಅವನು ತೀರ್ಪು ಕೊಟ್ಟ: “ಸಾಹೇಬ್ರ, ಇದು ಕರಂಟಿನ ಲಫಡಾ ಅದ. ಪ್ಲಗ್ ಹೋಗಿರಬೇಕು, ಇಲ್ಲಾ ವಾಯರ್ ಹೋಗಿರಬೇಕು. ಬಾಕಿ ಕಾಯ್ ನಾಹಿ.” ನಾನು ಒಡನೆಯೇ ಎದುರು ಪಕ್ಷ ವಹಿಸಿ, ದೋಷ ಪೆಟ್ರೋಲಿನದು, ಕಾರ್ಬುರೇಟರ್ ಕಟ್ಟಿಕೊಂಡಿದೆ ಎಂದೆ. ನನ್ನಲ್ಲಿ ಆಧಾರ ಏನಿತ್ತು ಎಂದು ನೀನು ಕೇಳಬಹುದು. ಅವನು ವಿದ್ಯುತ್ತು ಎಂದದ್ದೇ ಆಧಾರ.

ಮೊದಲ ಸರದಿ ಅವನದು. ನಿನ್ನ ಅತ್ತೆ ಪಾತ್ರೆ ತಿಕ್ಕಲು ಇಟ್ಟುಕೊಂಡ ರಬ್ಬರ್ ಕೈಗವಸನ್ನು ತೊಟ್ಟು, ಎಂಜಿನ್ ಚಾಲೂ ಇರುವಾಗಲೇ ಪ್ಲಗ್‌ಗಳ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕಿದ. “ಅಲ್ರಿ, ಅದಕ್ಕ ಆ ಎಣ್ಣಿ ಜಿಡ್ಡು ಹತ್ತಿದ ಮ್ಯಾಲ ನಾ ಭಾಂಡಿ ಯಾತರಿಂದ ತಿಕ್ಕಲಿ, ನಿಮ್ಮ ಭಾಷಣದಿಂದ?” ಎಂದು ಆಕೆ ಬಾಗಿಲಿನಿಂದಲೇ ನನ್ನನ್ನು ಕೇಳಿದಳು, ಕೈಗವಸು ತೊಟ್ಟವನನ್ನು ಬಿಟ್ಟು. ಮೊದಲ ಮೂರು ವೈರುಗಳನ್ನು ಕಿತ್ತಾಗ ಎಂಜಿನ್ ಇನ್ನಷ್ಟು ಮುಗ್ಗರಿಸಿತು. ನಾಲ್ಕನೆಯದನ್ನು ಕಿತ್ತಾಗ ಏನೂ ಬದಲಾಗಲಿಲ್ಲ. ಅಂದರೆ ಹೆಗಲು ತಪ್ಪಿಸುತ್ತಿದ್ದವನು ಅವನೇ. “ಬಘಾ ಸಾಹೇಬ್ರ, ಕಳ್ಳ ಸಿಕ್ಕ” ಎಂದು ಅಂಬಾದಾಸ ಮೀಸೆಗೆ ಕೈ ಹಾಕಿದ. ಹೊಸ ಪ್ಲಗ್ ಬಂತು, ಹೊಸ ವೈರು ಬಂತು, ನಡುಕ ಹೋಗಲಿಲ್ಲ. ಮೂರನೆಯ ವೈರನ್ನು ನಾಲ್ಕಕ್ಕೆ, ನಾಲ್ಕನೆಯದನ್ನು ಮೂರಕ್ಕೆ ಹಾಕಿ ನೋಡಿದ. ದೋಷ ವೈರಿನಲ್ಲಿದ್ದರೆ ವೈರಿನ ಜೊತೆ ಹೋಗಬೇಕಿತ್ತು; ಅದು ನಾಲ್ಕರಲ್ಲೇ ಉಳಿಯಿತು. ವಿದ್ಯುತ್ತಿನ ಪಕ್ಷ ಬಿದ್ದುಹೋಯಿತು.

ಇನ್ನು ನನ್ನ ಸರದಿ. ಕಳಚಿದ ಹಳೆಯ ಪ್ಲಗ್‌ಗಳಲ್ಲಿ ನಾಲ್ಕನೆಯದರ ತುದಿ ಸುಣ್ಣ ಹಚ್ಚಿದಂತೆ ಬೆಳ್ಳಗಿತ್ತು. ಆ ಸಿಲಿಂಡರಿನಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು ಅದರ ಅರ್ಥ. ಪೆಟ್ರೋಲು ಕಡಿಮೆ ಎಂಬ ಅರ್ಧವನ್ನು ನಾನು ಎತ್ತಿಕೊಂಡೆ. ಗಾಳಿ ಎಲ್ಲಿಂದ ಹೆಚ್ಚಾಯಿತು ಎಂಬ ಇನ್ನರ್ಧವನ್ನು ಅಂಬಾದಾಸನ ಅಂಗಡಿಯ ಕಟ್ಟೆಯ ಮೇಲೆಯೇ ಬಿಟ್ಟುಬಂದೆ. ಆ ಕಟ್ಟೆಯ ಮುಂದೆ ನಾನು ಮಾಡಿದ ವಾದವನ್ನು ನೀನು ಕೇಳಬೇಕಿತ್ತು. ಗಿರಾಕಿಗಳು ಬಂದ ಕೆಲಸ ಮರೆತು ನಿಂತರು. ಕಡೆಗೆ ಅಂಬಾದಾಸ ಕೈ ಮುಗಿದು, “ಸಾಕ್ರಿ ಸಾಹೇಬ್ರ, ಇನ್ನೊಂದು ಮಾತು ನೀವು ಆಡಿದ್ರ ಕಾರ್ಬುರೇಟರ್ ತಾನಾಗೇ ಬಿಚ್ಚಿಕೊಂಡು ಹೊರಗ ಬರ್ತದ” ಎಂದ. ಬಿಚ್ಚಿ, ತೊಳೆದು, ಕೂಡಿಸಿದೆವು. ಕಾರು ನಿಂತಾಗ ಎಂಜಿನ್ನಿನ ವೇಗವನ್ನು ಹೆಚ್ಚಿಸುವ ಒಂದು ಸ್ಕ್ರೂ ಇದೆ; ಅದನ್ನು ತುಸು ತಿರುಗಿಸಿದೆವು. ಗರ್ಜನೆ ಹೆಚ್ಚಿತು, ನಡುಕ ಅದರೊಳಗೆ ಅಡಗಿತು. ನಿನಗೆ ಫೋನ್ ಮಾಡಿ “ಗೆದ್ದೆ” ಎಂದದ್ದು ಅಂದು ಸಂಜೆಯೇ.

ಮರುದಿನ ರೈಲ್ವೆ ಗೇಟಿನಲ್ಲಿ ಕಾರು ಮತ್ತೆ ಬಂದ್ ಬಿತ್ತು. ಅದನ್ನು ನಿನಗೆ ಹೇಳಲಿಲ್ಲ. ಚರ್ಚೆಯಲ್ಲಿ ನಾನು ಗೆದ್ದಿದ್ದೆ. ಎಂಜಿನ್ನಿಗೆ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ.

ಈಗ ಮುಖ್ಯ ಭಾಗಕ್ಕೆ ಬರುತ್ತೇನೆ. ದಯವಿಟ್ಟು ಚಹಾ ಕೆಳಗಿಟ್ಟು ಓದು. ಬಾಗಲಕೋಟೆಯ ನಮ್ಮ ಕಾಲೇಜಿನಲ್ಲಿ ಚರ್ಚೆ ಕಲಿಸುತ್ತಿದ್ದ ಗುರುಗಳದೊಂದು ಪದ್ಧತಿಯಿತ್ತು. ಗೆದ್ದವನು ಬಹುಮಾನ ಮುಟ್ಟುವ ಮೊದಲು ವೇದಿಕೆಗೆ ಮರಳಿ, ಎದುರಾಳಿಯ ವಾದವನ್ನು ಎದುರಾಳಿಯ ಮಾತಿನಲ್ಲೇ, ಒಂದನ್ನೂ ಬಿಡದೆ ಒಪ್ಪಿಸಬೇಕು. ಎದುರಾಳಿ ತಲೆಯಾಡಿಸಿದರೆ ಬಹುಮಾನ, ಇಲ್ಲವಾದರೆ ಇಲ್ಲ. ಪದಕಗಳಿಗಿಂತ ಈ ಶಿಕ್ಷೆಯೇ ನಮಗೆ ಹೆಚ್ಚು ಕಲಿಸಿತ್ತು. ಕಳೆದ ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಕಾರಿನೊಳಗೆ ಕೂತು ಎಂಜಿನ್ನಿನ ನಡುಕ ಕೇಳುತ್ತಿದ್ದಾಗ ಆ ಪದ್ಧತಿ ನೆನಪಾಯಿತು. ಅಂಬಾದಾಸನ ವಾದವನ್ನು ಒಪ್ಪಿಸಿ ಮುಗಿಸಿದ್ದೆ, ನನ್ನದನ್ನೂ ಮುಗಿಸಿದ್ದೆ. ಉಳಿದದ್ದು ನಿನ್ನದು. ಮಾರಬೇಕೆನ್ನುವ ಪಕ್ಷದ್ದು.

ನಿನ್ನ ಅತ್ತೆಯನ್ನು ಪಕ್ಕದ ಸೀಟಿಗೆ ಕರೆದು, ನೀನು ಹರ್ಷಿತಾಳ ಪರವಾಗಿ ಕೂತು ತಲೆಯಾಡಿಸಬೇಕು ಎಂದೆ. ಆಕೆ ಬಟಾಣಿಕಾಯಿಯ ಪರಾತವನ್ನು ಹಿಡಿದುಕೊಂಡೇ ಬಂದಳು. “ತಲೀನೂ ಆಡಸ್ತೀನಿ, ಬಟಾಣಿನೂ ಸುಲೀತೀನಿ. ಬಿಸಲು ಛಲೋ ಅದ ಇಲ್ಲೆ. ನಡೀಲಿ ನಿಮ್ಮದು.”

ನಾನು ನಿನ್ನ ವಾದ ಆರಂಭಿಸಿದೆ. ಕಾರು ಹಳೆಯದು, ನಂಬುವಂತಿಲ್ಲ, ಹಿಂದೆ ಮಗು ಕೂತಿದೆ, ಆದ್ದರಿಂದ ಮಾರುವುದೇ ಯೋಗ್ಯ. ಚೆನ್ನಾಗಿಯೇ ಮಂಡಿಸಿದೆ ಎಂದುಕೊಂಡೆ. ನಿನ್ನ ಅತ್ತೆ ತಲೆಯಾಡಿಸಲಿಲ್ಲ. “ಇಲ್ರಿ. ಅದಕ್ಕಿಂತ ಮೊದಲ ಆಕಿ ಬ್ಯಾರೆ ಏನೋ ಅಂದಿದ್ಳು. ನನಗ ಫೋನಿನ್ಯಾಗ ಹೇಳ್ಯಾಳ. ಆಕಿ ಅಂದದ್ದನ್ನ ಅನ್ರಿ, ನಿಮಗ ಬೇಕಾದದ್ದಲ್ಲ.”

ಏನು ಅಂದಿದ್ದಳು ಎಂದು ಕೇಳಿದರೆ, ಅದು ಕಾರಿನ ಮಾತು, ತನಗೆ ನೆನಪಿಲ್ಲ ಎಂದಳು. ನಾನು ಕಣ್ಣು ಮುಚ್ಚಿ ವಾಕಡ ಚೌಕಕ್ಕೆ ಹೋದೆ. ಬಸ್ಸು, ಹಾರ್ನು, ಬಾತುಕೋಳಿಯ ನಡುಕ, ಎಡಗಡೆ ನೀನು. ಸಿಕ್ಕಿತು. “ಮಾವ, ನೀವು ಬ್ರೇಕ್ ಒತ್ತಿದಾಗ್ಲೇ ಇದು ಆಫ್ ಆಗೋದು. ಗಮನಿಸಿದ್ರಾ?” ಈ ಮಾತನ್ನು ನಿನ್ನದೇ ಧಾಟಿಯಲ್ಲಿ ಗಟ್ಟಿಯಾಗಿ ಅಂದೆ, ಅನ್ನುವಾಗ ನನ್ನ ಬಲಗಾಲು ತಾನಾಗಿ ಬ್ರೇಕನ್ನು ಒತ್ತಿತು.

ಎಂಜಿನ್ ಮುಗ್ಗರಿಸಿತು.

ಕಾಲು ತೆಗೆದೆ, ಸುಧಾರಿಸಿಕೊಂಡಿತು. ಒತ್ತಿದೆ, ಮುಗ್ಗರಿಸಿತು. ಮತ್ತೆ ತೆಗೆದೆ, ಮತ್ತೆ ಒತ್ತಿದೆ. ಹರ್ಷಿತಾ, ಇಷ್ಟು ವಿನಯದಿಂದ ಪ್ರಶ್ನೆಗೆ ಉತ್ತರ ಕೊಡುವ ಸಾಕ್ಷಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅಷ್ಟರಲ್ಲಿ ನಿನ್ನ ಅತ್ತೆ ಎರಡೂ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡಳು. “ರೀ, ನಿಮ್ಮ ಕಾಲಕಡೆ ಏನೋ ಬುಸ್ ಅಂತದ. ಹಾವು ಗೀವು ಹೊಕ್ಕದ ಏನು ನೋಡ್ರಿ.” ಬಟಾಣಿಯೆಲ್ಲ ಗೇರಿನ ಸುತ್ತ ಉರುಳಿತು. ನಾನು ಆಗ ಇಳಿದು ಚಪ್ಪಾಳೆ ತಟ್ಟಿದ್ದು. ಎದುರುಮನೆಯವರು ಹಾವು ಸಿಕ್ಕಿದ ಸಂತೋಷಕ್ಕೆ ಎಂದು ತಿಳಿದು ಕೋಲು ಹಿಡಿದು ಬಂದರು.

ವಿಷಯ ಇಷ್ಟು. ಬಾನೆಟ್ಟಿನ ಒಳಗೆ, ಬ್ರೇಕ್ ಪೆಡಲಿನ ನೇರಕ್ಕೆ, ತಟ್ಟೆಗಳೆರಡನ್ನು ಮುಖಾಮುಖಿ ಜೋಡಿಸಿದಂತಹ ಒಂದು ಕರಿಯ ಡಬ್ಬಿ ಇರುತ್ತದೆ. ಎಂಜಿನ್ ಉಸಿರೆಳೆಯುವ ಬಲವನ್ನು ಒಂದು ಪೈಪಿನಿಂದ ಪಡೆದು ನಮ್ಮ ಕಾಲಿಗೆ ನೆರವಾಗುವುದು ಅದರ ಕೆಲಸ. ಅದಿರುವುದರಿಂದಲೇ ಬ್ರೇಕು ಹಗುರ. ಅದರೊಳಗಿನ ರಬ್ಬರಿನ ಪರದೆ ಹರಿದಿತ್ತು. ಸುಮ್ಮನೆ ನಿಂತಾಗ ಅಲ್ಲಿಂದ ಸ್ವಲ್ಪ ಗಾಳಿ ಎಂಜಿನ್ನಿಗೆ ನುಸುಳುತ್ತಿತ್ತು; ಬ್ರೇಕ್ ಒತ್ತಿದಾಗ ಧಾರಾಳವಾಗಿ. ವೇಗವಾಗಿ ಓಡುವಾಗ ಎಂಜಿನ್ ಅಷ್ಟು ಗಾಳಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ನಿಂತಾಗ ಅದೇ ಗಾಳಿ ಉಸಿರು ಕಟ್ಟಿಸುತ್ತದೆ. ಆ ಪೈಪು ಎಂಜಿನ್ನನ್ನು ಸೇರುವುದು ಯಾವ ಸಿಲಿಂಡರಿನ ಪಕ್ಕ ಎಂದು ನೀನೇ ಊಹಿಸು. ಅಂಬಾದಾಸ ಸ್ಕೂಟರಿನಲ್ಲಿ ಹಾರಿಬಂದು ಪೈಪನ್ನು ಕಿತ್ತು, ಅದು ಕೂಡುವ ಜಾಗಕ್ಕೆ ಬೆರಳು ಒತ್ತಿ ಮುಚ್ಚಿದ. ನಡುಕ ಒಮ್ಮೆಲೇ ಇಳಿಯಿತು. ನಾಲ್ವರೂ ಹೆಗಲು ಕೊಟ್ಟರು. ಅವನು ಬೆರಳು ತೆಗೆಯದೆಯೇ ನನ್ನ ಮುಖ ನೋಡಿ, “ಸಾಹೇಬ್ರ, ನಾವಿಬ್ಬರೂ ಹರಲೋ. ಗೆದ್ದವರು ಯಾರು?” ಎಂದ. “ಗೆದ್ದಾಕಿ ವಾಕಡದಾಗ ಅದಾಳ” ಎಂದು ನಿನ್ನ ಅತ್ತೆ ಬಟಾಣಿ ಆಯುತ್ತಲೇ ಹೇಳಿದಳು.

ನೀನು ಮಾರುವ ಪಕ್ಷದವಳಾದ್ದರಿಂದ, ನೀನು ಕಣ್ಣಾರೆ ಕಂಡು ಹೇಳಿದ ಲಕ್ಷಣವನ್ನೂ ನಾನು ಬರೀ ವಾದವೆಂದು ತಳ್ಳಿಹಾಕಿದ್ದೆ. ಇದು ಅಪಾಯ ಎಂದದ್ದೂ ನಿಜವೇ ಆಗಿತ್ತು. ಆ ಪರದೆ ಪೂರ್ತಿ ಹರಿದಿದ್ದರೆ ಬ್ರೇಕು ಕಲ್ಲಿನಷ್ಟು ಗಟ್ಟಿಯಾಗುತ್ತಿತ್ತು. ನಿನ್ನ ಪಕ್ಷದ ಎರಡು ಅಂಶಗಳನ್ನು ಹೀಗೆ ದಾಖಲೆಯಲ್ಲಿ ಒಪ್ಪಿಕೊಂಡಿದ್ದೇನೆ. ಮೂರನೆಯದನ್ನು, ಮಾರಬೇಕೆಂಬುದನ್ನು, ಒಪ್ಪುವುದಿಲ್ಲ.

ಒಂದು ಹಳೆಯ ಕಾರಿಗೆ ಈ ಮುದುಕ ಇಷ್ಟೇಕೆ ಹಿಗ್ಗುತ್ತಾನೆ ಎಂದು ನಿನಗೆ ಅನಿಸೀತು. ಸಿದ್ದಾರೂಢನ ಜ್ವರಕ್ಕೆ ಕೊನೆಯವರೆಗೂ ಹೆಸರು ಸಿಗಲಿಲ್ಲ. ಡಾಕ್ಟರುಗಳು ಶ್ರಮ ಪಟ್ಟರು. ಬೆಳಿಗ್ಗೆ ಒಂದು ಊಹೆ, ಸಂಜೆಗೆ ಇನ್ನೊಂದು. ನೀನು ಹೊರಗೆ ಬೆಂಚಿನ ಮೇಲೆ, ನಾನು ಕಿಟಕಿಯ ಬಳಿ. ಎಲ್ಲ ಊಹೆಗಳೂ ಮುಗಿದ ಮೇಲೆ ಅವನೂ ಮುಗಿದ. ಅವನು ಮೊದಲ ಸಂಬಳದ ವರ್ಷ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಕಾರಿದು. ಇದು ನನ್ನ ಕಣ್ಣೆದುರು ಕೆಮ್ಮುತ್ತ, ನಡುಗುತ್ತ, ಕಾರಣ ತಿಳಿಯದೆ ಗುಜರಿಯ ತೂಕಕ್ಕೆ ಹೋಗುವುದನ್ನು ನಾನು ನೋಡಲಾರದವನಾಗಿದ್ದೆ. ಈ ಸಲ ಕಾರಣ ಸಿಕ್ಕಿತು. ಹೆಸರು ಹಿಡಿದು ಹೇಳಬಲ್ಲ, ಬೆರಳಿಟ್ಟು ಮುಚ್ಚಬಲ್ಲ ಕಾರಣ. ಇದಕ್ಕಿಂತ ಹೆಚ್ಚು ಈ ವಿಷಯದಲ್ಲಿ ಬರೆಯುವುದಿಲ್ಲ.

ನಾನಾ ಪೇಠೆಯಿಂದ ಹೊಸ ಡಬ್ಬಿ ತರಿಸಿ ಮೊನ್ನೆ ಕೂಡಿಸಿದ್ದಾಯಿತು. ಬ್ರೇಕಿನ ಕೆಲಸವಾದ್ದರಿಂದ ನಾವಿಬ್ಬರು ವಾಗ್ಮಿಗಳೂ ಕೈ ಹಚ್ಚದೆ ಗ್ಯಾರೇಜಿನವರಿಗೆ ಬಿಟ್ಟೆವು. ಹೆಚ್ಚಿಸಿದ್ದ ಸ್ಕ್ರೂವನ್ನು ಅದರ ಜಾಗಕ್ಕೆ ಇಳಿಸಿದರು. ಅಂಬಾದಾಸ ಚಹಾದ ಗ್ಲಾಸನ್ನು ಚಾಲೂ ಎಂಜಿನ್ನಿನ ಮೇಲೆ ಇಟ್ಟ. ಚಹಾದ ಕೆನೆ ಮುರಿಯಲಿಲ್ಲ. ನಿನ್ನೆ ವಡಗಾಂವದವರೆಗೆ ಹೋಗಿಬಂದೆವು. ಸಿಕ್ಕ ಸಿಕ್ಕಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿದೆ. ಒಮ್ಮೆಯೂ ಬಂದ್ ಬೀಳಲಿಲ್ಲ. ಬಾತುಕೋಳಿ ಅಲ್ಲಾಡದೆ ಕೂತಿತ್ತು.

ಆದ್ದರಿಂದ ನನ್ನ ಪ್ರಾರ್ಥನೆ ಇದು. ಈ ಪತ್ರ ಓದುವ ಹೊತ್ತಿಗೆ ಕಾರು ನಿನ್ನ ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ನಿಂತಿರುತ್ತದೆ. ಇಳಿದು ಬಂದು ಚಾಲೂ ಮಾಡಿ ನೋಡು. ಬ್ರೇಕ್ ಒತ್ತು, ಕಿವಿಗೊಡು, ಎಷ್ಟು ಹೊತ್ತು ಬೇಕಾದರೂ ಪರೀಕ್ಷಿಸು. ನಿನ್ನ ಷರತ್ತು ಪೂರೈಸಿದೆ ಎಂದು ನಿನಗೇ ಮನವರಿಕೆಯಾದರೆ ಚಿನ್ನುವಿನ ಭಾನುವಾರವನ್ನು ನಮಗೆ ಮರಳಿ ಕೊಡು. ತೀರ್ಪು ನಿನ್ನದು. ಮೇಲ್ಮನವಿ ಸಲ್ಲಿಸುವುದಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಚಿನ್ನುವಿಗೆ ಅಜ್ಜ ಕೇಳಿದನೆಂದು ಹೇಳು.

ನಿನ್ನ ಹಿತವನ್ನೇ ಬಯಸುವ,
ನಿಜಲಿಂಗಪ್ಪ

ತಾ. ಕ.: ಮರೆತದ್ದಲ್ಲ, ಬಿಟ್ಟದ್ದು. ಎದುರು ಪಕ್ಷಕ್ಕೆ ತಿಳಿಯದ ಸಾಕ್ಷ್ಯವನ್ನು ನಾವಾಗಿ ಒಪ್ಪಿಸುವ ಅಭ್ಯಾಸ ನನಗಿರಲಿಲ್ಲ. ಆದರೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ.

ನಿನ್ನೆ ವಡಗಾಂವದಿಂದ ಮರಳುವಾಗ ಎಡಗಡೆಯಿಂದ ಬಂದ ಸ್ಕೂಟರ್ ನನಗೆ ಕಾಣಲಿಲ್ಲ. ಅಂಬಾದಾಸ ಕೂಗಿಕೊಂಡ, ಬ್ರೇಕ್ ಒತ್ತಿದೆ, ಕಾರು ನಿಂತಿತು. ಸ್ಕೂಟರಿನ ಹೆಣ್ಣುಮಗಳು ಮರಾಠಿಯಲ್ಲಿ ನನಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ ಹೋದಳು. ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಂಬಾದಾಸ, “ಸಾಹೇಬ್ರ, ಗಾಡಿ ಓಕೆ ಅದ. ಇನ್ನ ಡ್ರೈವರನ್ನ ತಪಾಸಬೇಕು” ಎಂದ. ಅವನು ಮೆಲ್ಲಗೆ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಂದು ಬೆಳಿಗ್ಗೆ ಕಣ್ಣಿನ ಡಾಕ್ಟರರಲ್ಲಿಗೆ ಹೋಗಿದ್ದೆ. ಎಡಗಣ್ಣಿನಲ್ಲಿ ಪೊರೆ ಬಲಿತಿದೆ. ಜನವರಿಯಲ್ಲಿ ತೆಗೆಯುತ್ತಾರೆ. ಅವರು ಒಪ್ಪುವವರೆಗೆ ನಾನು ಸ್ಟೀರಿಂಗ್ ಮುಟ್ಟುವುದಿಲ್ಲ. ಚಿನ್ನು ಕೂತ ಕಾರಿನದಂತೂ ಖಂಡಿತ ಇಲ್ಲ.

ಕೀಲಿ ಈ ಲಕೋಟೆಯಲ್ಲೇ ಇದೆ. ಕಾರನ್ನು ತಂದವನು ಅಂಬಾದಾಸ, ಅವನು ರೈಲಿನಲ್ಲಿ ಮರಳುತ್ತಾನೆ. ಸಿದ್ದಾರೂಢ ನಿನಗೆ ಡ್ರೈವಿಂಗ್ ಕಲಿಸಿದ್ದು ಇದರಲ್ಲೇ ಅಲ್ಲವೇ? ಭಾನುವಾರ ಚಿನ್ನುವನ್ನು ಕೂರಿಸಿಕೊಂಡು ನೀನೇ ನಡೆಸಿಕೊಂಡು ಬಾ. ಮಗುವನ್ನು ತರಲು ಬಿಡಲು ನಾನಿದ್ದುದರಿಂದ ಈ ಎರಡು ವರ್ಷ ನೀನು ನಮ್ಮ ಮನೆಯ ಒಳಗೆ ಬರುವ ಅಗತ್ಯ ಬೀಳಲಿಲ್ಲ. ಏಕೆ ಬರಲಿಲ್ಲ ಎಂದು ನಾವು ಕೇಳಿಲ್ಲ, ಭಾನುವಾರವೂ ಕೇಳುವುದಿಲ್ಲ. ನಿನ್ನ ಅತ್ತೆ ಮಾತು ಕೊಟ್ಟಿದ್ದಾಳೆ. ನನಗೆ ಸುಮ್ಮನಿರುವುದು ಎಷ್ಟು ಕಷ್ಟವೆಂದು ನಿನಗೆ ಗೊತ್ತು, ಆದರೂ ನಾನೂ ಕೊಡುತ್ತೇನೆ.

ಕ್ಲಚ್ ಸ್ವಲ್ಪ ಮೇಲೆ ಹಿಡಿಯುತ್ತದೆ. ನಿಧಾನವಾಗಿ ಬಿಡು.